ಹರಳು ಬೆಳೆಸಿದ ಬಡಗಿಯ ಮಗ: ಯಾನ್ ಚೊಖ್ರಾಲ್ಸ್ಕಿ

ಮನೆಯ ಮೊಬೈಲ್ ಫೋನ್, ಶಾಲೆಯ ಕಂಪ್ಯೂಟರ್, ಬ್ಯಾಂಕಿನ ಎಟಿಎಂ ಯಂತ್ರ, ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಒಳಗೆ ಸಿಲಿಕಾನಿನ ಚಿಕ್ಕ ಚಿಕ್ಕ ತುಣುಕುಗಳಿರುತ್ತವೆ. ಚಿಪ್ ಎಂದು ನಾವು ಕರೆಯುವ ಈ ತುಣುಕುಗಳಲ್ಲಿ ಬಹುಪಾಲು, ಆಳೆತ್ತರದ ಒಂದು ಹರಳನ್ನು ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು ಮಾಡಿದವು. ಆ ಹರಳು ಗಣಿಯಲ್ಲಿ ದೊರೆತದ್ದಲ್ಲ, ಕುಲುಮೆಯಲ್ಲಿ ಬೆಳೆಸಿದ್ದು. ಅದನ್ನು ಬೆಳೆಸುವ ಕ್ರಮಕ್ಕೆ ಎಲ್ಲ ದೇಶಗಳ ಇಂಜಿನಿಯರುಗಳೂ ಹೇಳುವ ಹೆಸರು ಒಂದೇ, ಚೊಖ್ರಾಲ್ಸ್ಕಿ ವಿಧಾನ. ಕಾರ್ಖಾನೆಗಳಲ್ಲಿ ದಿನವೂ ಕೇಳಿಬರುವ ಈ ಹೆಸರಿನ ಒಡೆಯರು ತಮ್ಮ ನಾಡಿನ ವಿಶ್ವವಿದ್ಯಾಲಯಕ್ಕೆ 66 ವರ್ಷಗಳ ಕಾಲ ಬೇಡವಾದವರಾಗಿದ್ದರು. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿಯಲ್ಲಿ ಬೆಳೆದ ಅವರ ಬಾಳನ್ನು, ಅಂಥದೇ ಸ್ಥಿತಿಯಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಮನೆಗಳಿಗೆ ಪರಿಚಯಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಯಾನ್ ಚೊಖ್ರಾಲ್ಸ್ಕಿ ಅವರು ಹುಟ್ಟಿದ್ದು 1885ರ ಅಕ್ಟೋಬರ್ 23ರಂದು, ಕ್ತ್ಸಿನ್ಯಾ ಎಂಬ ಸಣ್ಣ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿಗೆ ಸೇರಿದೆ. ಆದರೆ ಅವರು ಹುಟ್ಟಿದಾಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1772ರಿಂದ 1795ರ ನಡುವೆ ನೆರೆಯ ಮೂರು ಸಾಮ್ರಾಜ್ಯಗಳು ಅದನ್ನು ಮೂರು ಸಲ ಹರಿದು ಹಂಚಿಕೊಂಡಿದ್ದವು. ಕ್ತ್ಸಿನ್ಯಾ ಪ್ರಶ್ಯದ ಪಾಲಾಗಿತ್ತು. ಸರಕಾರಿ ಕಾಗದಗಳಲ್ಲಿ ಅದರ ಹೆಸರು ಎಕ್ಸಿನ್ ಎಂದಿತ್ತು. ತಂದೆ ಫ್ರಾಂಚಿಶೆಕ್ ಬಡಗಿ, ತಾಯಿ ಮಾರ್ತಾ. ಹತ್ತು ಮಕ್ಕಳಲ್ಲಿ ಯಾನ್ ಎಂಟನೆಯವರು. ಮನೆಯಲ್ಲಿ ಆಡುತ್ತಿದ್ದುದು ಪೋಲಿಷ್, ಶಾಲೆಯಲ್ಲಿ ಕಲಿಸುತ್ತಿದ್ದುದು ಜರ್ಮನ್.

ಆ ಪ್ರಾಂತದಲ್ಲಿ ಭಾಷೆಯ ಪ್ರಶ್ನೆ ಮಕ್ಕಳ ಬೆನ್ನಿನ ಮೇಲೆ ಬಾಸುಂಡೆಯಾಗಿ ಮೂಡಿದ ಕಾಲವದು. 1901ರಲ್ಲಿ ಅದೇ ಪ್ರಾಂತದ ವ್ಜೆಶ್ನ್ಯಾ ಎಂಬ ಪಟ್ಟಣದಲ್ಲಿ ಧರ್ಮಪಾಠವನ್ನೂ ಜರ್ಮನ್ ಭಾಷೆಯಲ್ಲಿಯೇ ಕಲಿಯಬೇಕೆಂಬ ಆಜ್ಞೆಯನ್ನು ಮಕ್ಕಳು ಒಪ್ಪಲಿಲ್ಲ. ಬಾಯಿ ತೆರೆಯದೆ ಕುಳಿತ ಮಕ್ಕಳಿಗೆ ಛಡಿಯೇಟು ಬಿತ್ತು. ಪ್ರತಿಭಟಿಸಿದ ಹೆತ್ತವರು ಜೈಲು ಸೇರಿದರು. ಆಗ ಯಾನ್ ಹದಿನೈದು ವರ್ಷದ ಹುಡುಗ. ಹೆತ್ತವರು ಅವರನ್ನು ಊರಿನ ಶಿಕ್ಷಕರ ತರಬೇತಿ ಶಾಲೆಗೆ ಸೇರಿಸಿದ್ದರು. ಮಗ ಮೇಷ್ಟ್ರಾಗಬೇಕೆಂಬುದು ಅವರ ಆಸೆ. ಮಗನ ಮನಸ್ಸು ರಸಾಯನಶಾಸ್ತ್ರದ ಕಡೆಗಿತ್ತು. ದೊರೆತ ಅಂಕಗಳು ಅನ್ಯಾಯದವೆಂದು ಮುನಿದು ಪ್ರಮಾಣಪತ್ರವನ್ನು ಹರಿದೆಸೆದು ಹೊರಟರೆಂದು ಆ ಊರಿನ ಕಥೆ ಹೇಳುತ್ತದೆ. ಕಥೆ ಹೇಗೇ ಇರಲಿ, ಕೈಯಲ್ಲಿ ಪ್ರಮಾಣಪತ್ರವಿಲ್ಲದೆ ಅವರು ಊರು ಬಿಟ್ಟುದಂತೂ ನಿಜ. ಆ ಕೊರತೆಯಿಂದ ಶಾಲೆ ಕಾಲೇಜುಗಳ ನೇರ ದಾರಿ ಅವರಿಗೆ ಮುಚ್ಚಿತು. ಮುಂದಿನದೆಲ್ಲ ಅಡ್ಡದಾರಿಯ ನಡಿಗೆ.

ಮೊದಲು ಕ್ರೊತೊಶಿನ್ ಪಟ್ಟಣದ ಔಷಧದಂಗಡಿಯಲ್ಲಿ ಕೆಲಸ. 1904ರಲ್ಲಿ ಬರ್ಲಿನ್ ಸೇರಿದ ಮೇಲೆಯೂ ಔಷಧದಂಗಡಿಯೇ ಆಸರೆ. ಅಲ್ಲಿ ಲೋಹಗಳನ್ನೂ ಅದಿರುಗಳನ್ನೂ ಪರೀಕ್ಷಿಸುವ ಕೆಲಸ ಕೈಗೆ ಹತ್ತಿತು. 1907ರಲ್ಲಿ ಎಇಜಿ ಎಂಬ ದೊಡ್ಡ ವಿದ್ಯುತ್ ಸಂಸ್ಥೆ ಅವರನ್ನು ಸೇರಿಸಿಕೊಂಡಿತು. ಕೆಲಸದ ಜೊತೆಯಲ್ಲಿಯೇ ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ತಾಂತ್ರಿಕ ವಿದ್ಯಾಲಯದ ಉಪನ್ಯಾಸಗಳಿಗೆ ಹೋಗಿ ಕಲಿತರು. ತಾಮ್ರದ ತಂತಿಗಳ ಜಾಗದಲ್ಲಿ ಅಗ್ಗದ ಅಲ್ಯುಮಿನಿಯಂ ಬಳಸಲು ವಿದ್ಯುತ್ ಸಂಸ್ಥೆಗಳು ಹಾತೊರೆಯುತ್ತಿದ್ದ ಕಾಲವದು. ಲೋಹವನ್ನು ಎಳೆದರೆ, ಬಡಿದರೆ, ಕಾಯಿಸಿದರೆ ಅದರ ಒಳಗೆ ಏನಾಗುತ್ತದೆ ಎಂಬುದು ಅವರ ಅಧ್ಯಯನದ ವಿಷಯವಾಯಿತು. 1910ರಲ್ಲಿ ಪಿಯಾನೊ ವಾದಕಿ ಮಾರ್ಗೆರಿಟ್ ಹಾಸೆ ಅವರೊಡನೆ ವಿವಾಹವಾಯಿತು.

ಅವರ ಹೆಸರನ್ನು ಉಳಿಸಿದ ಘಟನೆ ನಡೆದದ್ದು 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ. ಕರಗಿದ ತವರ ತುಂಬಿದ ಮೂಸೆ ಮೇಜಿನ ಮೇಲೆ ಆರುತ್ತಿತ್ತು. ಅವರು ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆಯುತ್ತಿದ್ದರು. ಯೋಚನೆಯಲ್ಲಿ ಮುಳುಗಿ, ಲೇಖನಿಯನ್ನು ಮಸಿಕುಡಿಕೆಗೆ ಅದ್ದುವ ಬದಲು ಮೂಸೆಗೆ ಅದ್ದಿಬಿಟ್ಟರು ಎಂಬುದು ಪ್ರಸಿದ್ಧವಾದ ಕಥೆ. ಚಟ್ಟನೆ ಎತ್ತಿದಾಗ ಲೇಖನಿಯ ಮೊನೆಯಿಂದ ಲೋಹದ ತೆಳ್ಳನೆಯ ಎಳೆಯೊಂದು ಜೋತಾಡುತ್ತಿತ್ತು. ಬೇರೆಯವರಾಗಿದ್ದರೆ ಮೊನೆಯನ್ನು ಒರೆಸಿ ಬರೆಯಲು ತೊಡಗುತ್ತಿದ್ದರೇನೋ. ಚೊಖ್ರಾಲ್ಸ್ಕಿ ಅವರು ಆ ಎಳೆಯನ್ನು ಪರೀಕ್ಷಿಸಿದರು. ಅದು ಆದಿಯಿಂದ ಅಂತ್ಯದವರೆಗೆ ಒಂದೇ ಹರಳಾಗಿತ್ತು.

ಒಂದೇ ಹರಳು ಎಂದರೇನು? ಶಾಲೆಯ ಮೈದಾನವನ್ನು ನೆನೆಯೋಣ. ಬೆಳಗಿನ ಪ್ರಾರ್ಥನೆಗೆ ಮಕ್ಕಳೆಲ್ಲ ಒಂದೇ ಅಂತರದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತರೆ ಅದು ಏಕಹರಳಿನ ಮಾದರಿ. ಅದೇ ಮಕ್ಕಳು ಹತ್ತು ಗುಂಪುಗಳಾಗಿ, ಗುಂಪಿನೊಳಗೆ ಸಾಲು ನೆಟ್ಟಗಿದ್ದರೂ ಒಂದೊಂದು ಗುಂಪು ಒಂದೊಂದು ದಿಕ್ಕಿಗೆ ತಿರುಗಿ ನಿಂತರೆ ಅದು ಸಾಮಾನ್ಯ ಲೋಹದ ಮಾದರಿ. ನಾವು ಬಳಸುವ ಪಾತ್ರೆ, ಮೊಳೆ, ತಂತಿಗಳೆಲ್ಲ ಹೀಗೆ ಅಸಂಖ್ಯ ಸಣ್ಣ ಹರಳುಗಳ ಒಟ್ಟು. ಗುಂಪು ಗುಂಪುಗಳ ನಡುವಿನ ಗಡಿಗಳಲ್ಲಿ ಪರಮಾಣುಗಳ ಸಾಲು ಮುರಿದಿರುತ್ತದೆ. ಗಡಿಯೇ ಇಲ್ಲದ ಹರಳು ದೊರೆತರೆ ಲೋಹದ ನಿಜವಾದ ಗುಣವನ್ನು ಅಳೆಯಬಹುದು.

ಚೊಖ್ರಾಲ್ಸ್ಕಿ ಅವರಿಗೆ ಬೇಕಿದ್ದುದೂ ಅಳತೆಯೇ. ಕರಗಿದ ಲೋಹ ಎಷ್ಟು ವೇಗದಲ್ಲಿ ಹರಳುಗಟ್ಟುತ್ತದೆ ಎಂಬುದನ್ನು ಅವರು ತಿಳಿಯಬಯಸಿದ್ದರು. ಲೇಖನಿಯ ಬದಲು ಸಣ್ಣ ಗಾಜಿನ ನಳಿಗೆಯ ತುದಿ, ಕೈಯ ಬದಲು ಗಡಿಯಾರದ ಯಂತ್ರ, ಇಷ್ಟನ್ನು ಜೋಡಿಸಿ ಕರಗಿದ ಲೋಹದ ಮೇಲ್ಮೈಯಿಂದ ಎಳೆಯನ್ನು ನಿಧಾನವಾಗಿ ಮೇಲಕ್ಕೆ ಎಳೆಯುವ ಸಲಕರಣೆ ಮಾಡಿದರು. ಎಳೆಯುವ ವೇಗ ಲೋಹ ಗಟ್ಟಿಯಾಗುವ ವೇಗಕ್ಕಿಂತ ಹೆಚ್ಚಾದರೆ ಎಳೆ ತುಂಡಾಗುತ್ತದೆ; ತುಂಡಾಗದೆ ಉಳಿಯುವ ಅತಿ ಹೆಚ್ಚಿನ ವೇಗವೇ ಆ ಲೋಹ ಹರಳುಗಟ್ಟುವ ವೇಗ. ತವರ, ಸತು, ಸೀಸ ಈ ಮೂರರ ಮೇಲೆ ಪ್ರಯೋಗ ನಡೆಯಿತು. 1916ರ ಆಗಸ್ಟ್‌ನಲ್ಲಿ ಕಳುಹಿಸಿದ ಆ ಲೇಖನ 1918ರಲ್ಲಿ ಜರ್ಮನಿಯ ಭೌತರಸಾಯನ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಮೂರೇ ಪುಟಗಳ ಬರಹ.

1917ರಲ್ಲಿ ಅವರು ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ದೊಡ್ಡ ಲೋಹಸಂಸ್ಥೆಯೊಂದರ ಪ್ರಯೋಗಾಲಯವನ್ನು ಕಟ್ಟಿದರು. ಆ ಕಾಲದಲ್ಲಿ ಅವರಿಗೆ ಹಣವನ್ನೂ ಕೀರ್ತಿಯನ್ನೂ ತಂದುಕೊಟ್ಟದ್ದು ಹರಳಿನ ಎಳೆಯಲ್ಲ, ರೈಲುಗಾಲಿಯ ಬೇರಿಂಗು. ಬೇರಿಂಗಿಗೆ ಬೇಕಾದ ತವರ ದುಬಾರಿಯಾಗಿತ್ತು, ಜರ್ಮನಿಗೆ ಹೊರದೇಶದಿಂದ ಬರಬೇಕಿತ್ತು. ಸೀಸಕ್ಕೆ ಕ್ಯಾಲ್ಸಿಯಂ, ಸೋಡಿಯಂ, ಲಿಥಿಯಂ ಲೋಹಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ, ತವರವೇ ಇಲ್ಲದ ಮಿಶ್ರಲೋಹವನ್ನು ಅವರು ರೂಪಿಸಿದರು. ಲೋಹ-ಬಿ ಎಂದು ಹೆಸರಾದ ಅದನ್ನು ಜರ್ಮನ್ ರೈಲ್ವೆ ಬಳಸಿತು. ಇತರ ದೇಶಗಳೂ ಹಕ್ಕನ್ನು ಕೊಂಡವು. 1925ರಲ್ಲಿ ಅವರು ಜರ್ಮನ್ ಲೋಹವಿಜ್ಞಾನ ಸಂಘದ ಅಧ್ಯಕ್ಷರಾದರು. ಪ್ರಮಾಣಪತ್ರವಿಲ್ಲದೆ ಊರು ಬಿಟ್ಟ ಹುಡುಗ ನಲವತ್ತರ ವಯಸ್ಸಿಗೆ ತಲುಪಿದ್ದ ಎತ್ತರವಿದು.

ಇಷ್ಟರಲ್ಲಿ 1918ರಲ್ಲಿ ಪೋಲೆಂಡ್ ಸ್ವತಂತ್ರ ದೇಶವಾಗಿ ಮತ್ತೆ ತಲೆಯೆತ್ತಿತ್ತು. ಅದರ ಅಧ್ಯಕ್ಷ ಇಗ್ನಾತ್ಸಿ ಮೊಶ್ಚಿಟ್ಸ್ಕಿ ಸ್ವತಃ ರಸಾಯನಶಾಸ್ತ್ರಜ್ಞರು. ಅವರ ಆಹ್ವಾನದ ಮೇರೆಗೆ ಚೊಖ್ರಾಲ್ಸ್ಕಿ ಜರ್ಮನಿಯ ಹುದ್ದೆಯನ್ನು ಬಿಟ್ಟು ವಾರ್ಸಾ ನಗರಕ್ಕೆ ಮರಳಿದರು. ಪ್ರಾಧ್ಯಾಪಕರಾಗಲು ಬೇಕಾದ ಪದವಿಗಳು ಅವರಲ್ಲಿರಲಿಲ್ಲ. ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯ 1929ರಲ್ಲಿ ಗೌರವ ಡಾಕ್ಟರೇಟ್ ನೀಡಿ ಆ ತೊಡಕನ್ನು ಬಿಡಿಸಿತು. ಮರುವರ್ಷ ಅವರು ಪ್ರಾಧ್ಯಾಪಕರಾದರು. ಗಳಿಸಿದ ಹಣವನ್ನು ಕಲೆಗೂ ಇತಿಹಾಸಕ್ಕೂ ಧಾರಾಳವಾಗಿ ಕೊಟ್ಟರು. ಸಂಗೀತಗಾರ ಶೋಪೆನ್ ಹುಟ್ಟಿದ ಮನೆಯ ಜೀರ್ಣೋದ್ಧಾರಕ್ಕೂ ಅವರ ನೆರವು ಸಂದಿತು. ಹುಟ್ಟೂರಿನಲ್ಲಿ ಒಂದು ಮನೆ ಕಟ್ಟಿಸಿ, ಪತ್ನಿಯ ಹೆಸರನ್ನು ನೆನಪಿಸುವಂತೆ ಅದಕ್ಕೆ ಮಾರ್ಗೊವೊ ಎಂದು ಹೆಸರಿಟ್ಟರು.

ಆದರೆ ಎರಡು ನಾಡುಗಳ ನಡುವೆ ಬಾಳಿದವರನ್ನು ಎರಡೂ ಕಡೆಯವರು ಓರೆಗಣ್ಣಿನಿಂದ ನೋಡುವುದುಂಟು. ಕಾಲು ಶತಮಾನ ಜರ್ಮನಿಯಲ್ಲಿದ್ದ ಮನುಷ್ಯ, ಜರ್ಮನ್ ರೈಲ್ವೆಗೆ ಲೋಹ ಮಾಡಿಕೊಟ್ಟವರು, ಅಧ್ಯಕ್ಷರ ಆಪ್ತರು, ಜೊತೆಗೆ ಹಣವಂತರು. ಅಸೂಯೆಗೂ ಅನುಮಾನಕ್ಕೂ ಇಷ್ಟು ಸಾಕಾಯಿತು. 1930ರ ದಶಕದಲ್ಲಿ ಸಹೋದ್ಯೋಗಿಯೊಬ್ಬರು ಲೋಹ-ಬಿ ಪೋಲೆಂಡಿಗೆ ಹಾನಿ ತರುವ ವಸ್ತುವೆಂದು ಬಹಿರಂಗವಾಗಿ ಆಪಾದಿಸಿದರು. ವ್ಯಾಜ್ಯ ನ್ಯಾಯಾಲಯ ಹತ್ತಿತು. ಚೊಖ್ರಾಲ್ಸ್ಕಿ ಗೆದ್ದರು, ಅನುಮಾನ ಮಾತ್ರ ಅಳಿಯಲಿಲ್ಲ.

1939ರಲ್ಲಿ ಜರ್ಮನ್ ಸೇನೆ ಪೋಲೆಂಡನ್ನು ಆಕ್ರಮಿಸಿ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿತು. ಆಕ್ರಮಣಕಾರರ ಅನುಮತಿ ಪಡೆದು ಚೊಖ್ರಾಲ್ಸ್ಕಿ ತಮ್ಮ ಪ್ರಯೋಗಾಲಯವನ್ನು ವಸ್ತುಪರೀಕ್ಷಾ ಕೇಂದ್ರವಾಗಿ ನಡೆಸಿದರು. ಅಲ್ಲಿ ಕೆಲಸವಿದೆ ಎಂಬ ಕಾಗದವೊಂದಿದ್ದರೆ ಬಲವಂತದ ದುಡಿಮೆಗೆ ಜರ್ಮನಿಗೆ ಸಾಗಿಸಲ್ಪಡುವುದರಿಂದ ತಪ್ಪಿಸಿಕೊಳ್ಳಬಹುದಿತ್ತು. ಹಲವು ಮಂದಿಗೆ ಆ ಕಾಗದ ದೊರೆಯಿತು. ಸೆರೆಯಾದವರ ಬಿಡುಗಡೆಗಾಗಿ ಅವರು ತಮ್ಮ ಜರ್ಮನ್ ಪರಿಚಯಗಳನ್ನು ಬಳಸಿದರು. ಭೂಗತ ಪ್ರತಿರೋಧ ಸೇನೆಯೊಡನೆಯೂ ಗುಟ್ಟಾಗಿ ಸಂಪರ್ಕವಿತ್ತು. ಗುಟ್ಟಿನ ಕೆಲಸಕ್ಕೆ ಸಾಕ್ಷಿಗಳಿರುವುದಿಲ್ಲ. ಹೊರಗಿನವರ ಕಣ್ಣಿಗೆ ಬಿದ್ದುದು ಒಂದೇ: ಈ ಪ್ರಾಧ್ಯಾಪಕರು ಜರ್ಮನರೊಡನೆ ಜರ್ಮನ್ ಭಾಷೆಯಲ್ಲಿ ಮಾತಾಡುತ್ತಾರೆ, ಅವರ ಪ್ರಯೋಗಾಲಯ ತೆರೆದಿದೆ.

ಯುದ್ಧ ಮುಗಿಯುತ್ತಿದ್ದಂತೆ, 1945ರ ಏಪ್ರಿಲ್‌ನಲ್ಲಿ, ಶತ್ರುವಿಗೆ ಸಹಕರಿಸಿದರೆಂಬ ಆರೋಪದ ಮೇಲೆ ಅವರ ಬಂಧನವಾಯಿತು. ನಾಲ್ಕು ತಿಂಗಳು ಸೆರೆಮನೆಯಲ್ಲಿದ್ದರು. ಆರೋಪಕ್ಕೆ ಆಧಾರ ಸಿಗದೆ ಬಿಡುಗಡೆಯಾಯಿತು. ಆದರೂ ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಸೆನೆಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ನಿರಾಕರಿಸಿತು. ಅರುವತ್ತರ ಅಂಚಿನಲ್ಲಿ ಅವರು ಕ್ತ್ಸಿನ್ಯಾಕ್ಕೆ ಹಿಂದಿರುಗಿದರು. ಅಲ್ಲಿ ಬಿಯೋನ್ ಎಂಬ ಸಣ್ಣ ಕಾರ್ಖಾನೆ ತೆರೆದು ಶೂ ಪಾಲಿಶು, ಸೌಂದರ್ಯವರ್ಧಕ, ನೆಗಡಿಯ ಪುಡಿ ಮೊದಲಾದವನ್ನು ಮಾಡಿ ಮಾರತೊಡಗಿದರು. ಔಷಧದಂಗಡಿಯಲ್ಲಿ ಆರಂಭವಾದ ಬಾಳು ಅಲ್ಲಿಗೇ ಬಂದು ಮುಟ್ಟಿತು.

ಅವರು ನೆಗಡಿಯ ಪುಡಿ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬೇರೊಂದು ಕೆಲಸ ನಡೆದಿತ್ತು. ಅಲ್ಲಿ 1947ರ ಕೊನೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತ್ತು. ಅದಕ್ಕೆ ಬೇಕಾದ್ದು ಜರ್ಮೇನಿಯಮ್ ಎಂಬ ಅರೆವಾಹಕ. ಅರೆವಾಹಕವೆಂದರೆ ತಾಮ್ರದಂತೆ ವಿದ್ಯುತ್ತನ್ನು ಸಲೀಸಾಗಿ ಬಿಡದ, ಗಾಜಿನಂತೆ ಪೂರ್ತಿ ತಡೆಯದ ವಸ್ತು. ಅದಕ್ಕೆ ಬೆರೆಸುವ ಅತ್ಯಲ್ಪ ಕಲ್ಮಶದಿಂದ ಅದರ ನಡತೆಯನ್ನು ನಮಗೆ ಬೇಕಾದಂತೆ ತಿದ್ದಬಹುದು. ಸಣ್ಣ ಹರಳುಗಳ ಒಟ್ಟಾಗಿದ್ದರೆ ನಡುವಿನ ಗಡಿಗಳು ವಿದ್ಯುತ್ ಹರಿವನ್ನು ಕೆಡಿಸುತ್ತವೆ. ಏಕಹರಳೇ ಬೇಕೆಂದು ಅಲ್ಲಿನ ಗಾರ್ಡನ್ ಟೀಲ್ ಹಟ ಹಿಡಿದರು. ಅವರೂ ಜಾನ್ ಲಿಟಲ್ ಅವರೂ ಕೂಡಿ, ಕರಗಿದ ಜರ್ಮೇನಿಯಮಿನಿಂದ ಹರಳನ್ನು ಮೇಲಕ್ಕೆ ಎಳೆದು ಬೆಳೆಸಿದರು. ಬಳಿಕ ಟೀಲ್ ಮತ್ತು ಅರ್ನೆಸ್ಟ್ ಬ್ಯೂಲರ್ ಸಿಲಿಕಾನನ್ನೂ ಹಾಗೆಯೇ ಬೆಳೆಸಿದರು. ಲೋಹದ ವೇಗ ಅಳೆಯಲು ಹುಟ್ಟಿದ ಉಪಾಯ ಅರೆವಾಹಕ ಹರಳುಗಳ ಕೃಷಿಯಾಯಿತು.

ಇಂದಿನ ಕುಲುಮೆಯನ್ನು ನೋಡಿದರೂ ಮೂಲದ ಉಪಾಯ ಅದರಲ್ಲಿ ಕಾಣುತ್ತದೆ. ಅತಿ ಶುದ್ಧವಾದ ಸಿಲಿಕಾನಿನ ತುಂಡುಗಳನ್ನು ಕ್ವಾರ್ಟ್ಸಿನ ಮೂಸೆಯಲ್ಲಿ ತುಂಬುತ್ತಾರೆ. ಕಾವಿಗೆ ಮೂಸೆ ಮೆತ್ತಗಾಗುವುದರಿಂದ ಅದಕ್ಕೆ ಆಸರೆಯಾಗಿ ಹೊರಗೆ ಗ್ರಾಫೈಟಿನ ಪಾತ್ರೆ; ಸುತ್ತಲೂ ಗ್ರಾಫೈಟಿನದೇ ಕಾಯಿಸುವ ಸಲಕರಣೆ. ಗಾಳಿ ಸೋಂಕದಂತೆ ಒಳಗೆಲ್ಲ ಆರ್ಗಾನ್ ಅನಿಲ. ಸುಮಾರು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಕಾನ್ ಕರಗುತ್ತದೆ. ಮೇಲಿನಿಂದ ಬೀಜದ ಹರಳನ್ನು, ಅಂದರೆ ಪರಮಾಣುಗಳ ಸಾಲು ಸರಿಯಾಗಿರುವ ಸಣ್ಣ ಸಿಲಿಕಾನ್ ಕಡ್ಡಿಯನ್ನು, ಇಳಿಸಿ ದ್ರವದ ಮೇಲ್ಮೈಗೆ ಮುಟ್ಟಿಸುತ್ತಾರೆ. ಬೀಜ ಒಂದು ಕಡೆಗೆ, ಮೂಸೆ ಅದರ ಎದುರು ಕಡೆಗೆ ತಿರುಗುತ್ತವೆ. ಬೀಜವನ್ನು ಮೇಲೆತ್ತಿದಂತೆ ಅದಕ್ಕೆ ಅಂಟಿದ ದ್ರವ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಬೀಜದಲ್ಲಿರುವ ಸಾಲನ್ನೇ ಅನುಸರಿಸುತ್ತದೆ.

ಮೊದಲು ಬೇಗ ಎಳೆದು ಕೆಲವೇ ಮಿಲಿಮೀಟರ್ ದಪ್ಪದ ಕೊರಳು ಮಾಡುತ್ತಾರೆ. ಬೀಜವನ್ನು ಅದ್ದಿದಾಗ ಹುಟ್ಟಿದ ಸಾಲುತಪ್ಪುಗಳು ಆ ಸಪೂರ ಕೊರಳಿನ ಬದಿಗೆ ಸರಿದು ಮುಗಿದುಹೋಗುತ್ತವೆ. 1950ರ ದಶಕದ ಕೊನೆಯಲ್ಲಿ ವಿಲಿಯಂ ಡ್ಯಾಶ್ ಕಂಡುಕೊಂಡ ಉಪಾಯವಿದು. ಆಮೇಲೆ ವೇಗ ತಗ್ಗಿಸಿದರೆ ಹರಳು ಅಗಲವಾಗಿ ಹೆಗಲು ಮೂಡುತ್ತದೆ; ಬೇಕಾದ ಅಗಲ ಬಂದ ಮೇಲೆ ಅದೇ ಅಗಲವನ್ನು ಕಾಯ್ದುಕೊಂಡು ನಿಮಿಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆಯುತ್ತಾರೆ. ಬೇಗ ಎಳೆದರೆ ಸಪೂರ, ನಿಧಾನಿಸಿದರೆ ದಪ್ಪ. ಕೊನೆಯಲ್ಲಿ ಬಾಲದಂತೆ ಮೊನಚಾಗಿಸಿ ದ್ರವದಿಂದ ಬಿಡಿಸುತ್ತಾರೆ. ಒಮ್ಮೆಲೇ ಕಿತ್ತರೆ ತಂಪಿನ ಆಘಾತಕ್ಕೆ ಸಾಲುಗಳು ಕೆಡುತ್ತವೆ. ಹೀಗೆ ಬೆಳೆದ 300 ಮಿಲಿಮೀಟರ್ ಅಗಲದ ಹರಳು ನೂರು ಕಿಲೋಗ್ರಾಂಗೂ ಮಿಗಿಲಾಗಿ ತೂಗುತ್ತದೆ. ಆ ಭಾರವೆಲ್ಲ ತೂಗುವುದು ಆ ಸಪೂರ ಕೊರಳಿನಿಂದಲೇ. ಅದನ್ನು ಮುಕ್ಕಾಲು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು ದಪ್ಪದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಬೋರಾನ್ ಅಥವಾ ರಂಜಕವನ್ನು ಎಷ್ಟು ಬೇಕೋ ಅಷ್ಟು ಮೊದಲೇ ದ್ರವಕ್ಕೆ ಬೆರೆಸಿರುತ್ತಾರೆ.

ಈ ವಿಧಾನಕ್ಕೂ ಒಂದು ಕೊರತೆಯುಂಟು. ಕ್ವಾರ್ಟ್ಸಿನ ಮೂಸೆ ಕರಗಿದ ಸಿಲಿಕಾನಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುವುದರಿಂದ ಹರಳಿಗೆ ಆಮ್ಲಜನಕ ಸೇರುತ್ತದೆ. ಅದು ಒಲ್ಲದ ಕಡೆ ಮೂಸೆಯೇ ಇಲ್ಲದ ಕ್ರಮವಿದೆ: ನೆಟ್ಟಗೆ ನಿಂತ ಸಿಲಿಕಾನ್ ದಂಡದ ಒಂದು ಕಿರಿದಾದ ಭಾಗವನ್ನು ಮಾತ್ರ ವಿದ್ಯುತ್ ಸುರುಳಿಯಿಂದ ಕರಗಿಸಿ, ಆ ಕರಗಿದ ಪಟ್ಟಿಯನ್ನು ದಂಡದುದ್ದಕ್ಕೂ ಸರಿಸುತ್ತಾರೆ. ದೊಡ್ಡ ವಿದ್ಯುತ್ತನ್ನು ನಿಯಂತ್ರಿಸುವ ಸಾಧನಗಳಿಗೆ ಇದು ಒಗ್ಗುತ್ತದೆ. ಅಮೆರಿಕದ ಪರ್ಸಿ ಬ್ರಿಜ್‌ಮನ್ 1925ರಲ್ಲಿ ತಿಳಿಸಿದ ಇನ್ನೊಂದು ಕ್ರಮದಲ್ಲಿ, ಕರಗಿದ ವಸ್ತು ತುಂಬಿದ ನಳಿಗೆಯನ್ನು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಮೆಲ್ಲನೆ ಸರಿಸಿ ಒಂದು ತುದಿಯಿಂದ ಹರಳುಗಟ್ಟಿಸುತ್ತಾರೆ. ಗ್ಯಾಲಿಯಂ ಆರ್ಸೆನೈಡ್ ಕರಗಿಸಿದರೆ ಆರ್ಸೆನಿಕ್ ಆವಿಯಾಗಿ ಹೋಗುತ್ತದೆ; ಅದನ್ನು ತಡೆಯಲು ಕರಗಿದ ಬೋರಾನ್ ಆಕ್ಸೈಡನ್ನು ಮುಚ್ಚಳದಂತೆ ಮೇಲೆ ಹರಡಿ, ಅದರ ಮೂಲಕ ಚೊಖ್ರಾಲ್ಸ್ಕಿ ಕ್ರಮದಲ್ಲಿಯೇ ಹರಳನ್ನು ಎಳೆಯುತ್ತಾರೆ.

ಚೊಖ್ರಾಲ್ಸ್ಕಿ ಅವರು 1953ರ ಏಪ್ರಿಲ್ 22ರಂದು ಪೊಜ್ನಾನ್ ನಗರದಲ್ಲಿ ತೀರಿಕೊಂಡರು. ಗುಪ್ತ ಪೊಲೀಸರು ಅವರ ಮನೆಯನ್ನು ಶೋಧಿಸಿದ ಬಳಿಕ ಹೃದಯಾಘಾತವಾಗಿತ್ತು. ಹುಟ್ಟೂರಿನ ಹಳೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಸಮಾಧಿಯ ಮೇಲೆ ಬಹುಕಾಲ ಹೆಸರನ್ನೂ ಕೆತ್ತಿರಲಿಲ್ಲ. ಹೊರಗಿನ ಜಗತ್ತು ಅವರ ಹೆಸರಿನ ವಿಧಾನದಿಂದ ಟನ್ನುಗಟ್ಟಲೆ ಹರಳು ಬೆಳೆಸುತ್ತಿದ್ದಾಗ ಅವರ ನಾಡಿನಲ್ಲಿ ಆ ಹೆಸರಿಗೆ ಕಳಂಕ ಅಂಟಿಕೊಂಡೇ ಇತ್ತು.

ಕಳಂಕವನ್ನು ಕಳೆದದ್ದು ಹಳೆಯ ಕಾಗದ. ವಾರ್ಸಾದ ದಾಖಲೆಗಳ ಭಂಡಾರದಲ್ಲಿ, ಅವರು ಭೂಗತ ಸೇನೆಗೆ ನೆರವಾಗಿದ್ದುದನ್ನು ದೃಢಪಡಿಸುವ ಪತ್ರಗಳು ಸಂಶೋಧಕರಿಗೆ ದೊರೆತವು. 2011ರ ಜೂನ್ 29ರಂದು ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ಸೆನೆಟ್ ಅವರ ಗೌರವವನ್ನು ವಿಧಿವತ್ತಾಗಿ ಮರಳಿಸಿತು. ಪೋಲೆಂಡಿನ ಸಂಸತ್ತು 2013ನ್ನು ಅವರ ಸ್ಮರಣೆಯ ವರ್ಷಗಳಲ್ಲಿ ಒಂದಾಗಿ ಘೋಷಿಸಿತು. ಸತ್ಯ ತಿಳಿಯುವಾಗ ಅವರು ಸತ್ತು 58 ವರ್ಷಗಳಾಗಿದ್ದವು.

ಎರಡು ಭಾಷೆ ಬಲ್ಲವನ ನಿಷ್ಠೆಯನ್ನು ಅವನು ಆಡುವ ಮಾತಿನಿಂದ ಅಳೆಯಬಾರದು ಎಂಬುದನ್ನು ಗಡಿಯ ಎರಡೂ ಬದಿಯ ನಾವು ಈ ಬಾಳಿನಿಂದ ತಿಳಿಯಬೇಕು. ಚೊಖ್ರಾಲ್ಸ್ಕಿ ಅವರು ತಮ್ಮ ಮುಖ್ಯ ಲೇಖನವನ್ನು ಬರೆದದ್ದು ಶಾಲೆಯಲ್ಲಿ ಕಲಿತ ಜರ್ಮನ್ ಭಾಷೆಯಲ್ಲಿ. ಎಲ್ಲ ಸೌಕರ್ಯವನ್ನು ಬಿಟ್ಟು ಮರಳಿ ಬಂದದ್ದು ಮನೆಯ ಮಾತಿನ ನಾಡಿಗೆ. ಒಂದು ಇನ್ನೊಂದಕ್ಕೆ ದ್ರೋಹವಾಗಲಿಲ್ಲ.

ಇದನ್ನು ಓದಿದ ಮಕ್ಕಳು ಬಯಸಿದರೆ, ಮನೆಯಲ್ಲಿಯೇ ಒಂದು ಹರಳು ಬೆಳೆಸಬಹುದು. ಕ್ಷೌರದಂಗಡಿಯಲ್ಲಿ ಗಡ್ಡ ಬೋಳಿಸಿದ ಮೇಲೆ ಮುಖಕ್ಕೆ ಸವರುವ ಪಟಿಕವನ್ನು ತಂದು, ಹಿರಿಯರ ನೆರವಿನಿಂದ ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ ಇಡಿ. ಮರುದಿನ ತಳದಲ್ಲಿ ಸಣ್ಣ ಹರಳುಗಳು ಕೂತಿರುತ್ತವೆ. ಅವುಗಳಲ್ಲಿ ಅಂದವಾದ ಒಂದನ್ನು ಆರಿಸಿ, ದಾರಕ್ಕೆ ಕಟ್ಟಿ, ಸೋಸಿದ ಅದೇ ನೀರಿನಲ್ಲಿ ತೂಗುಬಿಡಿ. ಪಾತ್ರೆಯನ್ನು ಅಲುಗಿಸದೆ ಕೆಲವು ದಿನ ಕಾಯಿರಿ. ಇಲ್ಲಿ ಹರಳು ಬೆಳೆಯುವುದು ಕರಗಿದ ಲೋಹದಿಂದಲ್ಲ, ಪಟಿಕದ ನೀರಿನಿಂದ. ಆದರೂ ಬೀಜದ ಸಾಲನ್ನೇ ಹಿಡಿದು ಹರಳು ದೊಡ್ಡದಾಗುವ ಪರಿ ಒಂದೇ. ದಾರದ ತುದಿಯಲ್ಲಿ ಅದು ಬೆಳೆದಾಗ ತರಗತಿಗೆ ಕೊಂಡೊಯ್ಯಿರಿ. ಇದರ ದೊಡ್ಡಣ್ಣನನ್ನು ಬೆಳೆಸುವ ದಾರಿ ತೋರಿದ ಬಡಗಿಯ ಮಗನ ಹೆಸರನ್ನೂ ಗೆಳೆಯರಿಗೆ ಹೇಳಿರಿ.